ಅಂಚೆಯ ಹಾದಿಯಿಂದ ಗುಡ್ಡಗಾಡು ಓಟಕ್ಕೆ: ರಾಮನಗರ ಸೀಮೆಯಲ್ಲಿ ದೂರದೋಟದ ಚರಿತ್ರೆ

ಪ್ರೌಢಶಾಲೆಗಳ ಕ್ರೀಡಾಕೂಟಗಳಲ್ಲಿ ಗುಡ್ಡಗಾಡು ಓಟವೆಂದು ಹೆಸರಾದ ಸ್ಪರ್ಧೆ, ಅಂದರೆ ಸುಣ್ಣದ ಗೆರೆ ಎಳೆದ ಮೈದಾನವನ್ನು ಬಿಟ್ಟು ಹೊಲದ ಬದು, ಕೆರೆಯ ಏರಿ, ಬಂಡಿದಾರಿಗಳ ಮೇಲೆ ಕೆಲವು ಕಿಲೋಮೀಟರ್ ಓಡುವ ಸ್ಪರ್ಧೆ, ಕರ್ನಾಟಕದ ಶಾಲೆಗಳಿಗೆ ಹೊರಗಿನಿಂದ ಬಂದದ್ದು. ಆದರೆ ದೂರ ಓಡುವ ಕಸುಬು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಗೆ ಹೊಸದಲ್ಲ. ಹೊಟ್ಟೆಪಾಡಿಗಾಗಿ ಓಡುತ್ತಿದ್ದವರ ದಾರಿ ಮರೆಯಾದ ಮೇಲೆ ಅದೇ ನೆಲದಲ್ಲಿ ವಿದ್ಯಾರ್ಥಿಗಳ ಓಟ ಬೇರೂರಿತು. ಎರಡೂ ಓಟಗಳು ಬೇಡಿದ್ದು ವೇಗಕ್ಕಿಂತ ಹೆಚ್ಚಾಗಿ ಎಡೆಬಿಡದ ಸಹನೆಯನ್ನು.

ಈ ಸೀಮೆಯ ನೆಲವೇ ಕಾಲಿಗೆ ಸುಲಭವಾಗಿ ಒಗ್ಗುವಂಥದ್ದಲ್ಲ. ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ, ಸುಮಾರು 250 ಕೋಟಿ ವರ್ಷ ಹಳೆಯದಾದ ಕಲ್ಲಿನ ಪಟ್ಟಿಯೊಂದು ಇಲ್ಲಿ ದಕ್ಷಿಣೋತ್ತರವಾಗಿ ಹಾದುಹೋಗುತ್ತದೆ. ಮೈಸೂರಿನ ಮೊದಲ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿನಿಂದ ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದು, ಅದೇ ಹೆಸರು ಕಲ್ಲಿಗೂ ಅಂಟಿಕೊಂಡಿತು. ರಾಮದೇವರ ಬೆಟ್ಟವೂ 1,226 ಮೀಟರ್ ಎತ್ತರದ ಸಾವನದುರ್ಗವೂ ಈ ಪಟ್ಟಿಯ ಬೆಟ್ಟಗಳೇ. ಬೆಟ್ಟಗಳ ನಡುವಿನ ಬಯಲು ಸಹ ಸಮವಾಗಿಲ್ಲ: ಕೆಮ್ಮಣ್ಣು, ಸಡಿಲವಾದ ನೊರಜುಗಲ್ಲು, ಮಳೆಯಲ್ಲಿ ಜಾರುವ ಹಾಸುಬಂಡೆ, ಅರ್ಕಾವತಿ ಮತ್ತು ಕಣ್ವ ನದಿಗಳತ್ತ ಇಳಿಯುವ ಹಳ್ಳಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. 1728ರಲ್ಲಿ ಮಾಗಡಿ ಮತ್ತು ಸಾವನದುರ್ಗಗಳು ಕೆಂಪೇಗೌಡರ ವಂಶದಿಂದ ಮೈಸೂರಿನವರ ಕೈಸೇರಿದಾಗಲೂ, 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸನ ಬ್ರಿಟಿಷ್ ಸೇನೆ ಸಾವನದುರ್ಗವನ್ನು ಹಿಡಿದಾಗಲೂ, ಇಂಥ ನೆಲದಲ್ಲಿ ಸುದ್ದಿ ಸಾಗಿಸುವ ಕೆಲಸದ ಬಹುಪಾಲು ಮನುಷ್ಯನ ಕಾಲಿನ ಮೇಲೆಯೇ ಬಿದ್ದಿತ್ತು.

ಆ ಕೆಲಸಕ್ಕೆ ಮೈಸೂರು ಸಂಸ್ಥಾನದಲ್ಲಿ ಅಂಚೆ ಎಂಬ ವ್ಯವಸ್ಥೆಯಿತ್ತು. ಹದಿನೇಳನೆಯ ಶತಮಾನದ ಕೊನೆಯ ದಶಕಗಳಲ್ಲಿ ಚಿಕ್ಕದೇವರಾಜ ಒಡೆಯರು ಅದಕ್ಕೆ ಗಟ್ಟಿಯಾದ ರೂಪ ಕೊಟ್ಟರು. ಓಲೆ ಮುಟ್ಟಿಸುವುದರ ಜೊತೆಗೆ ಊರೂರಿನ ಸಮಾಚಾರವನ್ನು ಅರಮನೆಗೆ ತಿಳಿಸುವ ಗುಪ್ತಚಾರ ಕೆಲಸವೂ ಅದರದೇ ಆಗಿತ್ತು. ದಾರಿಯುದ್ದಕ್ಕೂ ಕೆಲವು ಮೈಲಿಗೊಂದರಂತೆ ಠಾಣ್ಯಗಳಿದ್ದು, ಒಬ್ಬ ಓಟಗಾರ ತನ್ನ ಪಾಲಿನ ದೂರವನ್ನು ಓಡಿ ಚೀಲವನ್ನು ಮುಂದಿನವನ ಕೈಗೆ ಒಪ್ಪಿಸುವುದು ಇಂಥ ಅಂಚೆಯ ಕ್ರಮ. ಬೆಂಗಳೂರಿನಿಂದ ಕ್ಲೋಸ್‌ಪೇಟೆ, ಚನ್ನಪಟ್ಟಣಗಳ ಮೂಲಕ ಶ್ರೀರಂಗಪಟ್ಟಣಕ್ಕೂ ಮೈಸೂರಿಗೂ ಹೋಗುವ ಹೆದ್ದಾರಿ ಸಂಸ್ಥಾನದ ಮುಖ್ಯ ದಾರಿಗಳಲ್ಲಿ ಒಂದಾಗಿದ್ದುದರಿಂದ, ಈ ಸೀಮೆಯ ಜನಕ್ಕೆ ಓಡುವವನು ಪರಿಚಿತನಾಗಿದ್ದನೆಂದು ಧಾರಾಳವಾಗಿ ಹೇಳಬಹುದು. ಅವನ ಓಟಕ್ಕೆ ಗೆಲುವು ಎಂಬುದಿರಲಿಲ್ಲ. ಮಳೆಯಿರಲಿ, ಕತ್ತಲಿರಲಿ, ನಿಗದಿಯಾದ ಹೊತ್ತಿಗೆ ಮುಂದಿನ ಠಾಣ್ಯ ಮುಟ್ಟಿದರೆ ಸಾಕಿತ್ತು, ಮತ್ತು ನಾಳೆ ಅದನ್ನೇ ಮತ್ತೆ ಮಾಡಬೇಕಾಗಿತ್ತು. 1881–82ರಲ್ಲಿ ಬೆಂಗಳೂರು–ಮೈಸೂರು ರೈಲು ಈ ಊರುಗಳ ಮೂಲಕ ಓಡತೊಡಗಿತು. 1889ರಲ್ಲಿ ಮೈಸೂರಿನ ಅಂಚೆ ಬ್ರಿಟಿಷ್ ಭಾರತದ ಅಂಚೆ ಇಲಾಖೆಯಲ್ಲಿ ಸೇರಿಹೋಯಿತು. ಚರಿತ್ರೆಯ ಪುಸ್ತಕಗಳಲ್ಲಿ ವ್ಯವಸ್ಥೆ ಕಟ್ಟಿದ ದೊರೆಯ ಹೆಸರಿದೆ, ಚೀಲ ಹೊತ್ತು ಓಡಿದವರ ಹೆಸರಿಲ್ಲ; ಈ ನಾಡಿನ ದೂರದೋಟದ ಚರಿತ್ರೆಯನ್ನು ಅವರಿಂದಲೇ ಆರಂಭಿಸುವುದು ನ್ಯಾಯ.

ಶಾಲೆಯ ಓಟದ ಮೂಲ ಬೇರೆಡೆಯದು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಇಂಗ್ಲೆಂಡಿನ ಶ್ರೂಸ್‌ಬರಿ, ರಗ್ಬಿ ಮೊದಲಾದ ವಸತಿ ಶಾಲೆಗಳ ಹುಡುಗರು ಒಂದು ಆಟ ಆಡುತ್ತಿದ್ದರು: ಮುಂದೆ ಓಡುವ ಒಬ್ಬಿಬ್ಬರು ಮೊಲಗಳೆನಿಸಿಕೊಂಡು ಹರಿದ ಕಾಗದದ ಚೂರುಗಳನ್ನು ದಾರಿಯಲ್ಲಿ ಚೆಲ್ಲುತ್ತ ಹೋಗುವರು, ಉಳಿದವರು ಬೇಟೆನಾಯಿಗಳಂತೆ ಆ ಗುರುತು ಹಿಡಿದು ಹೊಲಗದ್ದೆಗಳನ್ನು ದಾಟಿ ಬೆನ್ನಟ್ಟುವರು. ಥಾಮಸ್ ಹ್ಯೂಸ್ 1857ರಲ್ಲಿ ಪ್ರಕಟಿಸಿದ ಟಾಮ್ ಬ್ರೌನನ ಶಾಲಾದಿನಗಳು ಎಂಬ ಕಾದಂಬರಿಯಲ್ಲಿ ಇಂಥದೊಂದು ಓಟವಿದೆ. ಅಲ್ಲಿ ಕಥಾನಾಯಕನೂ ಗೆಳೆಯರೂ ಹಿಂದೆ ಬಿದ್ದು, ದಾರಿ ತಪ್ಪಿ, ಮೈಯೆಲ್ಲ ಕೆಸರಾಗಿ ಹೊತ್ತು ಮೀರಿ ಶಾಲೆಗೆ ಮರಳಿದರೂ ಮುಖ್ಯೋಪಾಧ್ಯಾಯರು ಅವರನ್ನು ಗದರಿಸಿ ಹೀಯಾಳಿಸುವುದಿಲ್ಲ. ಸೋತವರ ಓಟವನ್ನು ಇಷ್ಟು ಅಕ್ಕರೆಯಿಂದ ಕಾದಂಬರಿಕಾರ ಬರೆದದ್ದು ಗಮನಿಸತಕ್ಕ ಸಂಗತಿ. 1903ರಲ್ಲಿ ಸ್ಕಾಟ್ಲೆಂಡಿನ ಹ್ಯಾಮಿಲ್ಟನ್‌ನಲ್ಲಿ ಮೊದಲ ಅಂತರರಾಷ್ಟ್ರೀಯ ಸ್ಪರ್ಧೆ ನಡೆಯಿತು, 1912ರಲ್ಲಿ ಒಲಿಂಪಿಕ್ಸ್‌ಗೂ ಈ ಓಟ ಸೇರಿತು. 1924ರ ಪ್ಯಾರಿಸ್‌ನ ಉರಿಬಿಸಿಲಿನಲ್ಲಿ ಹೊರಟ 38 ಮಂದಿಯಲ್ಲಿ 15 ಮಂದಿ ಮಾತ್ರ ಗುರಿ ಮುಟ್ಟಿದ ಮೇಲೆ ಅದನ್ನು ಅಲ್ಲಿಂದ ಕೈಬಿಡಲಾಯಿತು.

ಭಾರತದಲ್ಲಿ ದೂರದೋಟಕ್ಕೆ ಮೊದಲ ಮನ್ನಣೆ ಸಿಕ್ಕಿದ್ದರಲ್ಲಿ ಕನ್ನಡನಾಡಿನ ಪಾಲೂ ಇದೆ. ಪುಣೆಯ ಡೆಕ್ಕನ್ ಜಿಮ್ಖಾನಾದ ಕೂಟದಲ್ಲಿ ಬರಿಗಾಲಲ್ಲಿ ಓಡಿದ ರೈತರ ಮಕ್ಕಳನ್ನು ಕಂಡು ಉದ್ಯಮಿ ದೊರಾಬ್ಜಿ ಟಾಟಾ 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಒಂದು ಸಣ್ಣ ತಂಡವನ್ನು ಕಳುಹಿಸಿದರು. ಅದರಲ್ಲಿದ್ದ ಬೆಳಗಾವಿಯ ಫಡೆಪ್ಪ ಚೌಗುಲೆ ಮ್ಯಾರಥಾನ್‌ನಲ್ಲಿ 19ನೆಯವರಾಗಿ ಓಟ ಮುಗಿಸಿದರು. ಅದೇ 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ಶಾಲೆಯನ್ನು ಆರಂಭಿಸಿದರು. ಅಲ್ಲಿ ತರಬೇತಾದವರು ದಕ್ಷಿಣದ ಶಾಲೆಗಳಿಗೆ ಹರಡಿದಂತೆ, ಸಾಲಾಗಿ ನಿಲ್ಲಿಸಿ ಕೈಕಾಲು ಆಡಿಸುವ ಡ್ರಿಲ್‌ನ ಜೊತೆಗೆ ಆಟೋಟಗಳೂ ವಿದ್ಯಾಭ್ಯಾಸದ ಅಂಗವಾದವು, ಊರಿನ ಗರಡಿಮನೆಯ ಸಾಮು ಶಾಲೆಯ ಹೊರಗೇ ಉಳಿಯಿತು. 1954ರಲ್ಲಿ ಭಾರತೀಯ ಶಾಲಾ ಕ್ರೀಡಾ ಒಕ್ಕೂಟ ಹುಟ್ಟಿದ ಮೇಲೆ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ, ರಾಷ್ಟ್ರ ಎಂಬ ಮೆಟ್ಟಿಲುಗಳು ಹಳ್ಳಿಯ ವಿದ್ಯಾರ್ಥಿಗೂ ಕಾಣತೊಡಗಿದವು.

ಆ ಹೊತ್ತಿಗೆ ಈ ಸೀಮೆಯಲ್ಲಿ ಪ್ರೌಢಶಾಲೆಗಳು ಹಳ್ಳಿಗಳತ್ತ ಬರುತ್ತಿದ್ದವು. ಸ್ವಾತಂತ್ರ್ಯ ಹೋರಾಟಗಾರ ಎಸ್. ಕರಿಯಪ್ಪನವರು ಕನಕಪುರದಲ್ಲಿ ಕಟ್ಟಿದ ಗ್ರಾಮಾಂತರ ವಿದ್ಯಾಪ್ರಚಾರಕ ಸಂಘ ರೈತರ ಮಕ್ಕಳನ್ನು ಓದಿನತ್ತ ಸೆಳೆದದ್ದು ಎಲ್ಲರೂ ಬಲ್ಲ ಸಂಗತಿ. ರೇಷ್ಮೆ ಸಾಕುತ್ತಿದ್ದ ಆ ಮಕ್ಕಳ ಮನೆಗಳಲ್ಲಿ ಸಹನೆಯ ಪಾಠ ಮೊದಲೇ ನಡೆದಿರುತ್ತಿತ್ತು. ರೇಷ್ಮೆ ಹುಳು ಮೊಟ್ಟೆಯೊಡೆದು ಗೂಡು ಕಟ್ಟುವವರೆಗಿನ ನಾಲ್ಕು ವಾರಗಳಲ್ಲಿ ನಾಲ್ಕು ಬಾರಿ ಪೊರೆ ಕಳಚುತ್ತದೆ. ಇದನ್ನು ಸಾಕುವವರು ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಹುಳು ತನ್ನ ಬಾಳಿನ ಒಟ್ಟು ಆಹಾರದ ಮುಕ್ಕಾಲಿಗೂ ಹೆಚ್ಚು ಪಾಲನ್ನು ಆ ಕೊನೆಯ ವಾರದಲ್ಲೇ ತಿನ್ನುವುದರಿಂದ, ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಎಂಬ ತಟ್ಟೆ ಏರುವ ತನಕ ಮನೆಮಂದಿಯೆಲ್ಲ ಹಗಲೂ ಇರುಳೂ ಹಿಪ್ಪುನೇರಳೆ ಸೊಪ್ಪು ತಂದು ಹಾಕಬೇಕು. ದಣಿವು ಅತಿ ಹೆಚ್ಚಾದಾಗಲೇ ಕೆಲಸವೂ ಅತಿ ಹೆಚ್ಚು ಎಂಬುದನ್ನು ಅಲ್ಲಿ ಕಂಡ ಮಕ್ಕಳಿಗೆ ಓಟದ ಕೊನೆಯ ಏರು ಅಪರಿಚಿತವೆನಿಸಿರಲಾರದು.

ಗುಡ್ಡಗಾಡು ಓಟದ ನಿಯಮದಲ್ಲಿಯೇ ಒಂದು ಶಿಕ್ಷಣವಿದೆ. ತಂಡದಲ್ಲಿ ನಿಗದಿಯಾದಷ್ಟು ಮಂದಿ ಗುರಿ ಮುಟ್ಟಿದ ಸ್ಥಾನಗಳನ್ನು ಕೂಡಿಸಿದಾಗ ಯಾವ ತಂಡದ ಮೊತ್ತ ಅತಿ ಕಡಿಮೆಯೋ ಅದಕ್ಕೆ ಗೆಲುವು. ಹೀಗಾಗಿ ಪದಕದ ಆಸೆಯೇ ಇಲ್ಲದ ಮೂವತ್ತನೆಯ ಹುಡುಗಿ ಕೊನೆಯ ನೂರು ಮೀಟರ್‌ನಲ್ಲಿ ಇಬ್ಬರನ್ನು ಹಿಂದೆ ಹಾಕಿದರೆ ಅವಳ ಶಾಲೆಯ ಹಣೆಬರಹವೇ ಬದಲಾಗಬಹುದು. ಇಂಥ ಬೆಲೆಯನ್ನು ನಡುಸಾಲಿನವರಿಗೆ ಕೊಡುವ ಸ್ಪರ್ಧೆಗಳು ಶಾಲೆಯಲ್ಲಿ ಬಹಳ ಕಡಿಮೆ. ಇದರ ತಯಾರಿಗೂ ಅವಸರ ಒಗ್ಗುವುದಿಲ್ಲ. ಹೃದಯ ಪ್ರತಿ ಮಿಡಿತಕ್ಕೆ ಹೆಚ್ಚು ರಕ್ತ ತಳ್ಳುವುದು, ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುವುದು ವಾರಗಟ್ಟಲೆಯ ಅಭ್ಯಾಸದಿಂದ ಮಾತ್ರ ಸಾಧ್ಯ. ಆದ್ದರಿಂದ ಬಲ್ಲ ಪಿ.ಟಿ. ಮೇಷ್ಟ್ರು ಮೊದಲು ಮಾತನಾಡುತ್ತಲೇ ಓಡಬಲ್ಲಷ್ಟು ಮೆಲ್ಲಗೆ ಓಡಿಸಿ, ಬಳಿಕ ದೂರವನ್ನು ಸ್ವಲ್ಪಸ್ವಲ್ಪವೇ ಏರಿಸಿ, ಏರಿನಲ್ಲಿ ಹೆಜ್ಜೆ ಚಿಕ್ಕದು ಮಾಡುವುದನ್ನೂ ನೊರಜುಗಲ್ಲಿನ ಇಳಿಜಾರಿನಲ್ಲಿ ಮೈ ಹಿಂದಕ್ಕೆ ವಾಲಿಸದಿರುವುದನ್ನೂ ಕಲಿಸುತ್ತಾರೆ. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾಗಬಹುದು. ಈ ಓಟದಲ್ಲಿ ಅದು ನಡೆಯದು.

ಈಚಿನ ಬದಲಾವಣೆಗಳು ಈ ಅಭ್ಯಾಸದ ನೆಲೆಯನ್ನೇ ಅಲುಗಿಸಿವೆ. 2006–07ರಿಂದ ಹಲವು ವರ್ಷ ಸರ್ಕಾರ ಎಂಟನೆಯ ತರಗತಿಯವರಿಗೆ ಉಚಿತವಾಗಿ ಸೈಕಲ್ ಕೊಟ್ಟದ್ದು, ದೂರದ ಹಳ್ಳಿಗಳ ಹೆಣ್ಣುಮಕ್ಕಳ ಓದಿಗೆ ನೆರವಾದದ್ದರಿಂದ, ಮನಸಾರೆ ಮೆಚ್ಚಬೇಕಾದ ಕೆಲಸ. ಆದರೆ ಶಾಲೆಗೆ ನಡೆದು ಹೋಗಿಬರುವುದರಿಂದ ತಾನಾಗಿ ಬರುತ್ತಿದ್ದ ಕಾಲಿನ ಬಲವನ್ನು ಈಗ ಬೆಳಗಿನ ಒಂದು ಗಂಟೆಯ ಅಭ್ಯಾಸವೇ ತುಂಬಿಕೊಡಬೇಕಾಗಿದೆ. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಧಾಮವಾಗಿದೆ, ಕನಕಪುರದ ಕಾಡಂಚಿನಲ್ಲಿ ಆನೆಗಳ ಭಯವಿದೆ. ಇವೆರಡೂ ಕಡೆ ಮಕ್ಕಳು ಓಡದಿರುವುದೇ ಸರಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ರಾಮನಗರ ಮತ್ತು ಚನ್ನಪಟ್ಟಣಗಳ ಹೊಲಗಳ ನಡುವೆ ಬೇಲಿ ಹಾಕಿಕೊಂಡು ಹಾದಿದೆ, ಹಳೆಯ ಬಂಡಿದಾರಿಗಳು ಬಡಾವಣೆಗಳೊಳಗೆ ಕರಗುತ್ತಿವೆ. 2007ರಲ್ಲಿ ರಾಮನಗರ ಜಿಲ್ಲೆಯಾಗಿ 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಿಸಿಕೊಂಡ ಈ ಸೀಮೆಯಲ್ಲಿ, ಗುಡ್ಡಗಾಡು ಓಟವನ್ನು ಡಾಂಬರು ರಸ್ತೆಯ ಮೇಲೆಯೋ ಮೈದಾನದ ಸುತ್ತುಗಳಲ್ಲಿಯೋ ಮುಗಿಸಿಬಿಟ್ಟರೆ ಓಟದ ಅರ್ಥಕ್ಕೇ ಹಾನಿ. ಕಣ್ವ ಜಲಾಶಯದ ಆಸುಪಾಸಿನಲ್ಲಿ, ಮಾಗಡಿಯ ಕೆರೆ ಏರಿಗಳ ಮೇಲೆ, ಪ್ರತಿ ತಾಲ್ಲೂಕಿನ ಗೋಮಾಳದಲ್ಲಿ ಮೂರು ನಾಲ್ಕು ಕಿಲೋಮೀಟರಿನ ಒಂದೊಂದು ಮಣ್ಣಿನ ದಾರಿಯನ್ನು ಶಾಲೆಗಳಿಗೆಂದೇ ಗುರುತಿಸಿ ಪಂಚಾಯಿತಿಯ ದಾಖಲೆಯಲ್ಲಿ ಬರೆಸಿಡುವುದು ಇಂದು ಇನ್ನೂ ಸಾಧ್ಯವಿದೆ.