ಕೊಂಡಿದ್ದಾ, ಕೊಳ್ಳೆ ಹೊಡೆದಿದ್ದಾ?

ಹಳೇ ಕ್ರಿಯಾಪದ, ಹೊಸ ಅರ್ಥ | ಭಾಗ 4

ಬಿಕಾಂ ಓದೋರಿಗೆ ‘ಪರ್ಚೇಸಸ್ ಅಕೌಂಟ್’ ಹೊಸದಲ್ಲ. ಕನ್ನಡದಾಗ ‘ಕೊಳ್ಳುವುದು’ ಅಂತೀವಿ. ರೊಕ್ಕ ಕೊಟ್ಟು ಮಾಲು ತರೋದು, ಅಷ್ಟೇ. ಆದರ ಈ ಎರಡೂ ಪದಗಳ ಹಳೇ ಖಾತೆ ತೆಗೆದು ನೋಡ್ರಿ, ರೊಕ್ಕದ ಸುದ್ದಿನೇ ಇರಲೇಬೇಕು ಅಂತಿಲ್ಲ.

ಹಳಗನ್ನಡದಲ್ಲಿ ‘ಕೊಳ್’ ಅಂದ್ರ ತೆಗೆದುಕೊ, ಹಿಡಿ, ವಶ ಮಾಡಿಕೊ. ‘ತುರು’ ಅಂದ್ರ ದನ. ‘ತುರುಗೊಳ್’ ಅಂದ್ರ ಬೇರೆಯವರ ದನಗಳನ್ನು ಬಲವಂತವಾಗಿ ಹೊಡಕೊಂಡು ಹೋಗೋದು. ವಿರಾಟರಾಜನ ದನಗಳನ್ನು ಕೌರವರು ಹೊಡಕೊಂಡು ಹೋದ ಕತೆ ಕೇಳೀರಲ್ಲ, ಅದೇ.

ಆ ಕಾಲಕ್ಕ ದನಗಳೇ ಊರಿನ ಆಸ್ತಿ. ಅವನ್ನು ಬಿಡಿಸಿಕೊಂಡು ಬರಾಕ ಹೋಗಿ ಸತ್ತವರಿಗೆ ವೀರಗಲ್ಲು ನಿಲ್ಲಿಸ್ತಿದ್ರು. ಅದರ ಮೇಲಿನ ಶಾಸನವನ್ನು ಇವತ್ತಿನ ಅರ್ಥದಾಗ ಓದಿದ್ರ ಏನಾಗ್ತದ? ‘ಅವರು ದನ ಖರೀದಿ ಮಾಡಿದರು, ಇವನು ಹೋಗಿ ಬಡಿದಾಡಿ ಸತ್ತ’ ಅಂತಾಗ್ತದ! ಊರಿಗಾಗಿ ಜೀವ ಕೊಟ್ಟವನು ಸುಮ್ಮನೆ ಜಗಳಗಂಟ ಆಗಿಬಿಡ್ತಾನ. ಒಂದು ಕ್ರಿಯಾಪದ ತಪ್ಪಾಗಿ ಓದಿದ್ರ ಒಬ್ಬ ಮನುಷ್ಯನ ಸಾವಿಗೇ ಅನ್ಯಾಯ.

ಆ ಹಳೇ ಅರ್ಥ ಇನ್ನೂ ಪೂರ್ತಿ ಹೋಗಿಲ್ಲ. ‘ಕೊಳ್ಳೆ ಹೊಡೆದರು’ ಅಂತೀವಲ್ಲ, ಆ ‘ಕೊಳ್ಳೆ’ನೂ ಇದೇ ಬೇರಿನದು.

ಇಂಗ್ಲಿಷಿನ ಕತೆನೂ ಹಿಂಗೇ ಐತಿ. ‘ಪರ್ಚೇಸ್’ ಪದ ಹಳೇ ಫ್ರೆಂಚಿನಿಂದ ಬಂದದ್ದು. ಅಲ್ಲಿ ಅದರ ಅರ್ಥ ಬೆನ್ನಟ್ಟಿ ಹೋಗೋದು, ಹೆಂಗಾದ್ರೂ ಮಾಡಿ ದಕ್ಕಿಸಿಕೊಳ್ಳೋದು. ಶೇಕ್ಸ್‌ಪಿಯರ್ ಕಾಲಕ್ಕ ಲೂಟಿಯ ಮಾಲಿಗೂ ‘ಪರ್ಚೇಸ್’ ಅಂತಿದ್ರು. 1599ರ ಸುಮಾರಿನ ‘ಹೆನ್ರಿ ದ ಫಿಫ್ತ್’ ನಾಟಕದಾಗ ಒಬ್ಬ ಆಳುಹುಡುಗ ತನ್ನ ಧಣಿಗಳನ್ನು ಆಡಿಕೊಳ್ತಾನ: ಇವರು ಸಿಕ್ಕಿದ್ದೆಲ್ಲಾ ಕದ್ದು ಅದಕ್ಕ ‘ಪರ್ಚೇಸ್’ ಅಂತ ಹೆಸರಿಡ್ತಾರ ಅಂತ. ಇವತ್ತಿನ ಅರ್ಥ ಒಂದೇ ಗೊತ್ತಿದ್ದವನಿಗೆ ಆ ಮಾತಿನ ಪೂರ್ತಿ ಮಜಾ ಸಿಗಲ್ಲ.

ಈಗ ನಮ್ಮ ಮಾತಿಗೆ ಬರೋಣ. ಗಂಗಾವತಿಯಾಗ ಅಕ್ಕಿ ‘ಕೊಂಡೆ’ ಅಂತೀವಾ? ಇಲ್ಲ, ‘ತಗೊಂಡೆ’ ಅಂತೀವಿ. ‘ತಗೊ’ ಅಂದ್ರ ‘ತೆಗೆದು’ ಜೋಡಿ ‘ಕೊಳ್’. ಅಂದ್ರ ‘ತೆಗೆದುಕೊ’ ಅನ್ನೋ ಪದ ಮತ್ತೊಮ್ಮೆ ‘ಖರೀದಿ ಮಾಡು’ ಆಗೇತಿ. ಸಾವಿರ ವರ್ಷದ ಹಿಂದಿನ ದಾರಿ, ನಮ್ಮ ಬಾಯಾಗ ಎರಡನೇ ಸಲ.

ಇನ್ನೊಂದು. ‘ಚಹಾ ಮಾಡು’ ಅಂದ್ರ ಯಾರಿಗೋ ಮಾಡು. ‘ಚಹಾ ಮಾಡ್ಕೊ’ ಅಂದ್ರ ನಿನಗ ನೀನೇ ಮಾಡು. ಕೊನೆಯ ಆ ‘ಕೊ’ನೂ ನಮ್ಮ ‘ಕೊಳ್’ನೇ. ಒಂದು ಕಾಲಕ್ಕ ದನ ಹೊಡಕೊಂಡು ಹೋದ ಪದ ಈಗ ಚಹಾದ ಬಾಲಕ್ಕ ಅಂಟಿಕೊಂಡು ಕುಂತೈತಿ.

ಕುಷ್ಟಗಿ, ಯಲಬುರ್ಗಾ ಕಡೆ ಹೋದಾಗ ಯಾವುದಾದ್ರೂ ಗುಡಿ ಹತ್ತಿರ ವೀರಗಲ್ಲು ಕಂಡ್ರ ನಿಂತು ನೋಡ್ರಿ. ತುರುಗೋಳಿನ ಕಲ್ಲಾದ್ರ ಕೆಳಗಿನ ಸಾಲಿನಾಗ ಕಾಳಗ, ಬಾಜೂಕ ದನಗಳು ಇರ್ತಾವ. ಅವು ಮಾರಾಟದ ದನ ಅಲ್ಲ.