ಕನ್ನಡದ ಪಾಪ್ ಸಂಗೀತ ಚಿತ್ರಗಳು ಮತ್ತು ಕಾಫಿ ಸೀಮೆ

ಗಿಟಾರು, ಡ್ರಮ್ಮು, ಸ್ಯಾಕ್ಸೊಫೋನುಗಳ ಲಯಕ್ಕೆ ಹಾಡು ಕಟ್ಟಿ, ಆ ಹಾಡುಗಳ ಬಲದ ಮೇಲೆಯೇ ಕಥೆ ನಡೆಸಿದ ಕನ್ನಡ ಚಿತ್ರಗಳದ್ದು ಚಿಕ್ಕ ಪರಂಪರೆ, ಆದರೆ ಬಲು ಸವಿಯಾದದ್ದು. 1960ರ ದಶಕದ ಕೊನೆಗೆ ಬಂದ ಗೂಢಚಾರಿ ಚಿತ್ರಗಳಲ್ಲಿ ಅದು ಚಿಗುರಿತು, ‘ಗೀತಾ’ (1981) ಚಿತ್ರದಲ್ಲಿ ಹೂಬಿಟ್ಟಿತು, ‘ಪ್ರೇಮಲೋಕ’ (1987) ಬಂದಾಗ ಊರೂರಿನ ಹುಚ್ಚಾಯಿತು. ಅದೇ ವರ್ಷಗಳಲ್ಲಿ ಚಿಕ್ಕಮಗಳೂರು ಸೀಮೆಯ ಕಾಫಿ ಬೆಟ್ಟಗಳು ಕನ್ನಡದ ಹಾಡನ್ನು ಸ್ಟುಡಿಯೊದ ಬಣ್ಣದ ಪರದೆಯಿಂದ ಬಿಡಿಸಿ ಬಯಲಿಗೆ ತಂದವು. ಈ ಎರಡು ಕಥೆಗಳನ್ನು ಬೇರೆಬೇರೆಯಾಗಿ ಹೇಳುವುದು ವಾಡಿಕೆ. ಒಟ್ಟಿಗೆ ಹೇಳಿದರೆ ರುಚಿ ಹೆಚ್ಚು.

ಪಾಪ್ ಸಂಗೀತ ಚಿತ್ರವೆಂಬ ಬಗೆ ಗಟ್ಟಿಯಾಗಿ ನೆಲೆಯೂರಿದ ನಾಡುಗಳಲ್ಲಿ ಬ್ರಿಟನ್ ಒಂದು. ಅಲ್ಲಿ ಅದು ಬೆಳೆದದ್ದು ಕಾಫಿಯ ಘಮದಲ್ಲೇ. 1950ರ ದಶಕದಲ್ಲಿ ಲಂಡನ್ನಿನ ಸೋಹೊ ಬಡಾವಣೆಯಲ್ಲಿ ಎಸ್ಪ್ರೆಸೊ ಯಂತ್ರವಿಟ್ಟ ಕಾಫಿ ಬಾರ್‌ಗಳು ಸಾಲಾಗಿ ತೆರೆದವು. ಹೆಂಡದಂಗಡಿಗೆ ಹೋಗುವ ವಯಸ್ಸಾಗದ ಹುಡುಗ ಹುಡುಗಿಯರು ಅಲ್ಲಿ ಸೇರುತ್ತಿದ್ದರು. ಓಲ್ಡ್ ಕಾಂಪ್ಟನ್ ಬೀದಿಯ ‘ಟೂ ಐಸ್’ ಎಂಬ ಕಾಫಿ ಬಾರಿನ ನೆಲಮಾಳಿಗೆಯಲ್ಲಿ ಹಾಡಿದ ಟಾಮಿ ಸ್ಟೀಲ್ ಮುಂದೆ ತನ್ನದೇ ಕಥೆಯ ಚಿತ್ರಕ್ಕೆ (1957) ತಾನೇ ನಾಯಕನಾದ. ಕ್ಲಿಫ್ ರಿಚರ್ಡ್ ಕೂಡ ಅದೇ ಮೆಟ್ಟಿಲು ಹತ್ತಿ ಬಂದವನು. ಹುಟ್ಟಿದ್ದು ಲಖನೌದಲ್ಲಿ, 1940ರಲ್ಲಿ. ಕುಟುಂಬ ಇಂಗ್ಲೆಂಡಿಗೆ ಹೋದದ್ದು 1948ರಲ್ಲಿ. ಅವನು ನಟಿಸಿದ ‘ಎಕ್ಸ್‌ಪ್ರೆಸೊ ಬಾಂಗೊ’ (1959) ಕಾಫಿ ಬಾರಿನಲ್ಲಿ ಸಿಕ್ಕ ಹುಡುಗ ಗಾಯಕನ ಕಥೆ, ಹೆಸರಿನಲ್ಲೇ ಕಾಫಿ. ಆಮೇಲೆ ಅವನದೇ ‘ದಿ ಯಂಗ್ ಒನ್ಸ್’ (1961) ಬಂತು. ಲಂಡನ್ನಿನ ಕೆಂಪು ಡಬಲ್ ಡೆಕ್ಕರ್ ಬಸ್ಸು ಅಥೆನ್ಸ್‌ವರೆಗೆ ಓಡುವ ‘ಸಮ್ಮರ್ ಹಾಲಿಡೇ’ (1963) ಬಂತು. 1964ರಲ್ಲಿ ರಿಚರ್ಡ್ ಲೆಸ್ಟರ್ ನಿರ್ದೇಶನದ ಬೀಟಲ್ಸ್ ಚಿತ್ರ ‘ಎ ಹಾರ್ಡ್ ಡೇಸ್ ನೈಟ್’ ಬಂದ ಮೇಲೆ ಆ ಬಗೆಯ ಚಿತ್ರಗಳ ಓಟವೇ ಬದಲಾಯಿತು. ಈ ಎಲ್ಲ ಚಿತ್ರಗಳಲ್ಲೂ ಒಂದು ಮಾತು ಸಮಾನ: ತೆರೆಯ ಮೇಲೆ ಕಾಣುವ ನಾಯಕನದೇ ದನಿ.

ಕನ್ನಡದಲ್ಲಿ ಹಾಗಿರಲಿಲ್ಲ. ಇಲ್ಲಿ ಮುಖ ಒಬ್ಬರದು, ಕಂಠ ಇನ್ನೊಬ್ಬರದು. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ಎಲ್.ಆರ್. ಈಶ್ವರಿ ಇವರ ದನಿ ಮನೆಮನೆಯಲ್ಲಿತ್ತು. ಮುಖ ಕಂಡವರು ಕಡಿಮೆ.

ಬೆಟ್ಟದ ಕಥೆ ಶುರುವಾಗುವುದು 1967ರ ‘ಬೆಳ್ಳಿಮೋಡ’ದಿಂದ. ತ್ರಿವೇಣಿಯವರ ಕಾದಂಬರಿ ಆಧರಿಸಿದ ಇದು ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ. ಚಿಕ್ಕಮಗಳೂರು ಸೀಮೆಯ ಕಾಫಿ ತೋಟದಲ್ಲೇ ಅದರ ಹೊರಾಂಗಣ ಚಿತ್ರೀಕರಣ ನಡೆಯಿತು. ಕಥೆಯ ಕೀಲಿಯೂ ತೋಟವೇ. ಒಬ್ಬಳೇ ಮಗಳು ಇಂದಿರೆ. ಅವಳ ಕೈಹಿಡಿದರೆ ಎಸ್ಟೇಟ್ ತನ್ನದು ಎಂದುಕೊಂಡ ಮೋಹನ, ಮಾವನಾಗುವವರ ಹಣದಲ್ಲಿ ವಿದೇಶಕ್ಕೆ ಹೋಗಿ ಓದಿ ಬರುತ್ತಾನೆ. ಅಷ್ಟರಲ್ಲಿ ಆ ಮನೆಯಲ್ಲಿ ಗಂಡುಮಗು ಹುಟ್ಟಿರುತ್ತದೆ, ಮೋಹನನ ಪ್ರೀತಿಯೂ ಬತ್ತುತ್ತದೆ. ಕಲ್ಪನಾ ಇಂದಿರೆಯಾಗಿ, ಕಲ್ಯಾಣ್ ಕುಮಾರ್ ಮೋಹನನಾಗಿ ನಟಿಸಿದ ಈ ಚಿತ್ರದಲ್ಲಿ ದ.ರಾ. ಬೇಂದ್ರೆಯವರ ‘ಬೆಳಗು’ ಕವಿತೆಗೆ ವಿಜಯಭಾಸ್ಕರ್ ರಾಗ ಕೂಡಿಸಿದರು, ಜಾನಕಿ ಹಾಡಿದರು. ಕಪ್ಪು ಬಿಳುಪಿನಲ್ಲೇ ಬೆಟ್ಟದ ಮಂಜು, ಮರದ ನೆರಳು, ಮೂಡಣದ ಬೆಳಕು ಹಾಡಿನ ಭಾಗವಾದವು. ಇದು ಪಾಪ್ ಗೀತೆಯಲ್ಲ, ನಿಜ. ಆದರೆ ಹಾಡಿಗೊಂದು ಊರಿದೆ, ಹವೆಯಿದೆ ಎಂಬುದನ್ನು ಕನ್ನಡ ಪ್ರೇಕ್ಷಕರು ಇಲ್ಲಿ ಕಂಡಷ್ಟು ನಿಚ್ಚಳವಾಗಿ ಅದಕ್ಕೂ ಮೊದಲು ಕಂಡಿರಲಿಲ್ಲ. ಮುಂದಿನ ನಾಲ್ಕು ದಶಕಗಳ ಮಲೆನಾಡ ಹಾಡುಗಳೆಲ್ಲ ಈ ಚಿತ್ರಕ್ಕೆ ಋಣಿ.

ಆ ಕಾಲದಲ್ಲಿ ತೋಟದ ಊರುಗಳಿಗೆ ಸಿನಿಮಾ ತಲುಪಿಸುತ್ತಿದ್ದುದು ಟೂರಿಂಗ್ ಟಾಕೀಸು. ಮಲೆನಾಡಿನ ಮಳೆಯಲ್ಲಿ ಟೆಂಟು ನಿಲ್ಲುವುದಿಲ್ಲ. ಮಳೆ ಹಿಂದೆಗೆದು ಹಣ್ಣು ಕುಯ್ಲು ಶುರುವಾಗಿ, ಕಣದಲ್ಲಿ ಕಾಫಿ ಹರಡುವ ಹೊತ್ತಿಗೆ ಟೆಂಟಿನವರಿಗೂ ಸುಗ್ಗಿ. ಬಟವಾಡೆಯಾದ ವಾರ ತೋಟದ ಕೂಲಿಯವರ ಲೈನ್ ಮನೆಗಳ ಜನ ಗುಂಪುಗಟ್ಟಿ ಬರುತ್ತಿದ್ದರು. ಬೈಗಿಗೆ ಹಾರ್ನಿನಲ್ಲಿ ಸಿನಿಮಾ ಹಾಡು ಮೊದಲಾಗುತ್ತಿತ್ತು; ಘಂಟಸಾಲರ ವೆಂಕಟೇಶ ಸ್ತುತಿ ಕೇಳಿಸಿತೆಂದರೆ ಆಟಕ್ಕೆ ಹೊತ್ತಾಯಿತೆಂದೇ ಲೆಕ್ಕ, ಹಾದಿಯಲ್ಲಿದ್ದವರು ಓಡುತ್ತಿದ್ದರು. ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ಬಾಗಿಲ ಬಳಿ ಹಾಡಿನ ಪುಸ್ತಕ ಮಾರುತ್ತಿದ್ದರು: ಒಂದೇ ಹಾಳೆ ಮಡಚಿ ಹೊಲಿದ ತೆಳು ಪುಸ್ತಕ, ಮೊದಲ ಪುಟದಲ್ಲಿ ಮಸುಕಾದ ಚಿತ್ರ, ನಡುವೆ ‘ಕಥಾಸಾರಾಂಶ’, ಅದರ ಕೊನೆಯಲ್ಲಿ ‘ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ’ ಎಂಬ ಒಕ್ಕಣೆ. ಹಾಡು ಕಲಿಯುತ್ತಿದ್ದುದು ಆ ಪುಸ್ತಕದಿಂದ, ರಾಗ ತಿದ್ದಿಕೊಳ್ಳುತ್ತಿದ್ದುದು ರೇಡಿಯೊದಿಂದ. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಶುರುವಾದ ಮೇಲೆ ಮಲೆನಾಡಿಗೆ ಹತ್ತಿರದ್ದೊಂದು ದನಿ ಸಿಕ್ಕಿತು. ರೇಡಿಯೊ ಸಿಲೋನಿನ ಕನ್ನಡ ಹಾಡುಗಳಿಗೂ ಇಲ್ಲಿ ಕಿವಿಗೊಟ್ಟು ಕಾಯುವವರಿದ್ದರು.

ಪಾಪ್ ಲಯ ಕನ್ನಡಕ್ಕೆ ಬಂದ ಹಾದಿಗಳಲ್ಲಿ ಒಂದು ಬ್ರಿಟನ್ನಿನ ಗೂಢಚಾರಿಯದು. ಜೇಮ್ಸ್ ಬಾಂಡ್ ಚಿತ್ರಗಳ ಮುಖ್ಯ ರಾಗವನ್ನು ರಚಿಸಿದ ಮಾಂಟಿ ನಾರ್ಮನ್ ಅದಕ್ಕೂ ಮೊದಲು ‘ಎಕ್ಸ್‌ಪ್ರೆಸೊ ಬಾಂಗೊ’ದ ರಂಗರೂಪಕ್ಕೆ ಹಾಡು ಕಟ್ಟಿದವರಲ್ಲಿ ಒಬ್ಬರು. ಆ ರಾಗಕ್ಕೆ ವಾದ್ಯ ಜೋಡಿಸಿದ ಜಾನ್ ಬ್ಯಾರಿ ಸೋಹೊದ ಹುಡುಗರ ಕಥೆಯ ‘ಬೀಟ್ ಗರ್ಲ್’ (1960) ಚಿತ್ರದಿಂದ ಬಂದವರು. ಕಾಫಿ ಬಾರಿನ ಗಿಟಾರೇ ಬಾಂಡನ ಬೆನ್ನಿಗೆ ನಿಂತಿತು. ಬಾಂಡನ ಕನ್ನಡ ಸೋದರನಾಗಿ ದೊರೆ-ಭಗವಾನ್ ಜೋಡಿ ‘ಜೇಡರ ಬಲೆ’ (1968) ಚಿತ್ರದಲ್ಲಿ ಸಿಐಡಿ 999ನನ್ನು ತೆರೆಗೆ ತಂದಿತು. ರಾಜ್‌ಕುಮಾರ್ ಸೂಟು ಬೂಟು ತೊಟ್ಟರು. ‘ಗೋವಾದಲ್ಲಿ ಸಿಐಡಿ 999’, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ ಬೆನ್ನಿಗೇ ಬಂದವು. ಜಿ.ಕೆ. ವೆಂಕಟೇಶರ ಸಂಗೀತದಲ್ಲಿ ಕ್ಲಬ್ಬಿನ ಡ್ರಮ್ಮು, ಹಿತ್ತಾಳೆ ವಾದ್ಯಗಳು ಕನ್ನಡದ ಪದಗಳ ಜೊತೆ ಸಲೀಸಾಗಿ ಹೊಂದಿಕೊಂಡವು.

ಈ ಸರಣಿಯ ಕೊನೆಯ ಚಿತ್ರ ‘ಆಪರೇಷನ್ ಡೈಮಂಡ್ ರಾಕೆಟ್’ (1978). ಅಷ್ಟರಲ್ಲಿ ಮುಖ್ಯವಾದದ್ದೊಂದು ನಡೆದಿತ್ತು. ‘ಸಂಪತ್ತಿಗೆ ಸವಾಲ್’ (1974) ಚಿತ್ರದಿಂದ ಮೊದಲಾಗಿ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದ್ದರು. ಮುಖವೂ ದನಿಯೂ ಒಂದಾದವು. ‘ಡೈಮಂಡ್ ರಾಕೆಟ್’ನಲ್ಲಿ ಅವರು ‘ಇಫ್ ಯು ಕಮ್ ಟುಡೇ’ ಎಂಬ ಇಂಗ್ಲಿಷ್ ಹಾಡನ್ನೇ ಹಾಡಿದರು. ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ನಾಟಕ ಕಂಪನಿಯಲ್ಲಿ ಬೆಳೆದ ನಟ, ಪರಭಾಷೆಯ ಹಾಡಿಗೆ ಅಷ್ಟು ಹಗುರವಾಗಿ ದನಿ ಕೊಟ್ಟದ್ದು ಇಂದಿಗೂ ಕೇಳುಗರ ಮುಖ ಅರಳಿಸುತ್ತದೆ. ಬ್ರಿಟಿಷ್ ಪಾಪ್ ಚಿತ್ರಕ್ಕೆ ಕನ್ನಡದಲ್ಲೊಂದು ಸರಿಸಾಟಿ ಹುಡುಕಬೇಕೆಂದರೆ ಆ ಒಂದು ಹಾಡು ಸಾಕು.

ಜಿ.ಕೆ. ವೆಂಕಟೇಶರ ವಾದ್ಯಗೋಷ್ಠಿಯಲ್ಲಿ ಸಹಾಯಕನಾಗಿ ದುಡಿದ ಇಳಯರಾಜ ಮುಂದೆ ‘ಗೀತಾ’ ಚಿತ್ರಕ್ಕೆ ಸಂಗೀತ ನೀಡಿದರು. ನಿರ್ದೇಶಕರೂ ನಾಯಕರೂ ಶಂಕರ್‌ನಾಗ್. ನಾಯಕಿ ಅಕ್ಷತಾ ರಾವ್, ಅಂದರೆ ಪದ್ಮಾವತಿ ರಾವ್. ಕಥಾನಾಯಕ ಸಂಜು ವೇದಿಕೆಯ ಮೇಲೆ ಗಿಟಾರ್ ಹಿಡಿದು ಹಾಡುವ ತರುಣ, ಅವನ ಗೆಳತಿ ಗೀತಾಳಿಗೆ ವಾಸಿಯಾಗದ ಕಾಯಿಲೆ. ಚಿ. ಉದಯಶಂಕರ್ ಬರೆದ ಗೀತೆಗಳಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಕಂಠ. ದನಿ ಶಂಕರ್‌ನಾಗರದ್ದಲ್ಲವೆಂದು ಎಲ್ಲರಿಗೂ ಗೊತ್ತು, ಆದರೂ ಆ ಕುಣಿತ ನೋಡುವಾಗ ಯಾರಿಗೂ ನೆನಪಾಗುವುದಿಲ್ಲ. ಕಾಲೇಜು ದಿನಾಚರಣೆ, ಗಣೇಶನ ಪೆಂಡಾಲು, ಮದುವೆ ಆರ್ಕೆಸ್ಟ್ರಾ ಎಲ್ಲೇ ಆದರೂ ‘ಗೀತಾ’ದ ಹಾಡಿಲ್ಲದೆ ಕಾರ್ಯಕ್ರಮ ಮುಗಿಯದ ಕಾಲವೊಂದಿತ್ತು. ಅದರ ಯುಗಳಗೀತೆಯ ರಾಗ 2007ರಲ್ಲಿ ‘ಚೀನಿ ಕಮ್’ ಎಂಬ ಹಿಂದಿ ಚಿತ್ರಕ್ಕೂ ಹೋಯಿತು. ಆ ಚಿತ್ರದ ಕಥೆ ಶುರುವಾಗುವುದು ಲಂಡನ್ನಿನಲ್ಲಿ.

‘ಪ್ರೇಮಲೋಕ’ ಕ್ಯಾಸೆಟ್ಟಿನ ಕಾಲದ ಕೂಸು. ವಿ. ರವಿಚಂದ್ರನ್ ನಿರ್ದೇಶಿಸಿ ನಟಿಸಿದ ಈ ಚಿತ್ರದ ಎಳೆ ಅಮೆರಿಕದ ‘ಗ್ರೀಸ್ 2’ (1982) ಚಿತ್ರದ್ದು. ಅದರ ನಾಯಕ ಇಂಗ್ಲೆಂಡಿನಿಂದ ಬಂದ ವಿದ್ಯಾರ್ಥಿ. ‘ಪ್ರೇಮಲೋಕ’ದ ನಾಯಕಿ ಜೂಹಿ ಚಾವ್ಲಾ ಇನ್ನೂ ಹಿಂದಿಯಲ್ಲಿ ಹೆಸರು ಮಾಡಿರಲಿಲ್ಲ. ಹಂಸಲೇಖ ಸಾಹಿತ್ಯ, ಸಂಗೀತ ಎರಡನ್ನೂ ಹೊತ್ತು, ದಿನಬಳಕೆಯ ಮಾತನ್ನೇ ಹಾಡಾಗಿಸಿದರು: ಕೇಳಿದ್ದಕ್ಕೆ ಉತ್ತರ, ಜಗಳ, ಗೋಗರೆತ ಎಲ್ಲವೂ ಪದ್ಯದಲ್ಲೇ. ಲಹರಿ ಸಂಸ್ಥೆಯ ಕ್ಯಾಸೆಟ್ಟುಗಳು ಬಸ್ಸು, ಜೀಪು, ಹೋಟೆಲುಗಳಲ್ಲಿ ಟೇಪು ಸವೆಯುವವರೆಗೆ ಓಡಿದವು. ಹಾಡು ಮೊದಲು, ಚಿತ್ರ ಆಮೇಲೆ ಎಂಬ ವ್ಯಾಪಾರ ಕನ್ನಡದಲ್ಲಿ ಬೇರುಬಿಟ್ಟದ್ದು ಇಲ್ಲಿಂದ.

2006ರ ಡಿಸೆಂಬರ್ ಕೊನೆಯಲ್ಲಿ ತೆರೆಕಂಡ ‘ಮುಂಗಾರು ಮಳೆ’ ಹಾಡನ್ನು ಮತ್ತೆ ಬೆಟ್ಟಕ್ಕೆ ಕರೆತಂದಿತು. ಕಥೆ ಕೊಡಗಿನದು, ಚಿತ್ರೀಕರಣ ಚಿಕ್ಕಮಗಳೂರು ಸೀಮೆಯ ಮೂಡಿಗೆರೆಗೆ ನೆರೆಯ ಸಕಲೇಶಪುರದಲ್ಲೂ ನಡೆಯಿತು. ಸಂಗೀತ ಅಮೆರಿಕದಲ್ಲಿ ನೆಲೆಸಿದ ಮನೋಮೂರ್ತಿಯವರದ್ದು, ಗೀತರಚನೆಯಲ್ಲಿ ಜಯಂತ ಕಾಯ್ಕಿಣಿಯವರ ಹೊಸ ನುಡಿ. ನಿರ್ದೇಶಕ ಯೋಗರಾಜ ಭಟ್ಟರ ಕ್ಯಾಮೆರಾ ಮಳೆಗೆ ಹೆದರಿ ಕೊಡೆ ಬಿಚ್ಚಲಿಲ್ಲ, ನೆನೆಯುತ್ತಲೇ ಹಾಡಿಸಿತು. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಅದು ವರ್ಷ ಪೂರ್ತಿ ಓಡಿತು. ಅದಾದ ಮೇಲೆ 2011ರಲ್ಲಿ ನಾಗಶೇಖರ್ ತಮ್ಮ ಹೊಸ ಪ್ರೇಮಕಥೆಗೆ ಇಟ್ಟ ಹೆಸರು ‘ಸಂಜು ವೆಡ್ಸ್ ಗೀತಾ’. ಶಂಕರ್‌ನಾಗ್ 1981ರಲ್ಲಿ ಹಾಡಿಸಿ ಕುಣಿಸಿದ ಆ ಜೋಡಿಯ ಹೆಸರು ಕೇಳಿದೊಡನೆ, ಅದು ಯಾರೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.