ಯುದ್ಧಚಿತ್ರಗಳಲ್ಲಿ ಕದನದೃಶ್ಯದ ಛಾಯಾಗ್ರಹಣ

ಚಲನಚಿತ್ರದಲ್ಲಿ ಕದನವನ್ನು ಚಿತ್ರಿಸುವ ಕಲೆಯ ಇತಿಹಾಸವು ಪ್ರಧಾನವಾಗಿ ಕ್ಯಾಮೆರಾ ಎಲ್ಲಿ ನಿಂತು ರಣವನ್ನು ಕಂಡಿತೆಂಬುದರ ಇತಿಹಾಸ. 1915ರ ‘ದಿ ಬರ್ತ್ ಆಫ್ ಎ ನೇಷನ್’ ಚಿತ್ರದಲ್ಲಿ ನಿರ್ದೇಶಕ ಗ್ರಿಫಿತ್ತನ ಛಾಯಾಗ್ರಾಹಕನಾದ ಬಿಲ್ಲಿ ಬಿಟ್ಜರ್ ಅಮೆರಿಕದ ಅಂತರ್ಯುದ್ಧದ ರಣಭೂಮಿಯನ್ನು ದೂರದ ಎತ್ತರದಿಂದ ವಿಶಾಲವಾಗಿ ತೋರಿಸಿದನು. ಮರುವರ್ಷದ ‘ದಿ ಬ್ಯಾಟಲ್ ಆಫ್ ದಿ ಸೊಮ್’ ಚಿತ್ರಕ್ಕಾಗಿ ಜೆಫ್ರಿ ಮಾಲಿನ್ಸ್ ಮತ್ತು ಜಾನ್ ಮೆಕ್‌ಡೊವೆಲ್ ನಿಜವಾದ ಯುದ್ಧರಂಗಕ್ಕೇ ತೆರಳಿದರಾದರೂ, ಕೈಯಿಂದ ತಿರುಗಿಸುವ ಭಾರವಾದ ಯಂತ್ರವನ್ನು ಗುಂಡಿನ ಮಳೆಯ ನಡುವೆ ನಿಲ್ಲಿಸುವುದು ದುಸ್ಸಾಧ್ಯವಾಗಿದ್ದುದರಿಂದ, ಸೈನಿಕರು ಕಂದಕದಿಂದ ಮೇಲೇರುತ್ತಲೇ ಉರುಳಿಬೀಳುವ ಅದರ ಪ್ರಸಿದ್ಧ ದೃಶ್ಯವು ಕೃತಕವಾಗಿ ಏರ್ಪಡಿಸಿದುದೇ ಆಗಿತ್ತು.

ಈ ದೂರವನ್ನು ಅಳಿಸಿದ ಕೀರ್ತಿ 1930ರಲ್ಲಿ, ರೆಮಾರ್ಕನ ಕಾದಂಬರಿಯನ್ನಾಧರಿಸಿ ಲೂಯಿಸ್ ಮೈಲ್‌ಸ್ಟೋನ್ ನಿರ್ದೇಶಿಸಿದ ‘ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ಚಿತ್ರಕ್ಕೆ ಸಲ್ಲತಕ್ಕದ್ದು. ಅದರಲ್ಲಿ ಆರ್ಥರ್ ಎಡಿಸನ್ನನ ಕ್ಯಾಮೆರಾ ಕಂದಕದ ಅಂಚಿನುದ್ದಕ್ಕೂ ಪಕ್ಕಕ್ಕೆ ಸರಿಯುತ್ತ ಹೋದಂತೆಲ್ಲ, ಎದುರಿನಿಂದ ಓಡಿಬರುವ ಯೋಧರು ಒಬ್ಬರ ಹಿಂದೊಬ್ಬರಂತೆ, ಕುಡುಗೋಲಿಗೆ ಸಿಕ್ಕ ಪೈರಿನ ಹಾಗೆ, ನೆಲಕ್ಕೊರಗುತ್ತಾರೆ. ಕ್ಯಾಮೆರಾದ ಚಲನೆಯೂ ಮೆಷಿನ್‌ಗನ್ನಿನ ತಿರುಗುವಿಕೆಯೂ ಇಲ್ಲಿ ಒಂದೇ ಆಗಿರುವುದರಿಂದ, ಪ್ರೇಕ್ಷಕನು ಕೊಲ್ಲುವ ಯಂತ್ರದ ಹಿಂದೆ ತಾನೇ ಕುಳಿತಂತಾಗಿ, ವೀರರಸದ ಉತ್ಸಾಹಕ್ಕೆ ಆಸ್ಪದವೇ ಉಳಿಯುವುದಿಲ್ಲ.

ಐಸೆನ್‌ಸ್ಟೈನನ ‘ಅಲೆಕ್ಸಾಂಡರ್ ನೆವ್‌ಸ್ಕಿ’ (1938) ಇದಕ್ಕೆ ತೀರ ಭಿನ್ನವಾದ ಮಾರ್ಗವನ್ನು ಹಿಡಿಯಿತು. 1242ರ ಹಿಮಸರೋವರದ ಕದನವನ್ನು ಬೇಸಗೆಯಲ್ಲಿ, ಕೃತಕ ಹಿಮದ ಮೇಲೆ ಚಿತ್ರಿಸಿದ ಎಡ್ವರ್ಡ್ ಟಿಸ್ಸೆ, ಪ್ರೊಕೊಫಿಯೆವನ ಸಂಗೀತದೊಡನೆ ಬೆರೆಯುವ ಗಂಭೀರ ಚಿತ್ರಸಂಯೋಜನೆಯನ್ನು ಸಾಧಿಸಿದನು. ‘ಸೆವೆನ್ ಸಮುರಾಯ್’ (1954) ಚಿತ್ರದ ಮಳೆಯ ಕಾಳಗಕ್ಕಾದರೋ ಕುರೊಸಾವಾ ಏಕಕಾಲಕ್ಕೆ ಹಲವು ಕ್ಯಾಮೆರಾಗಳನ್ನು ಬಳಸಿದನು. ದೂರವನ್ನು ಕುಗ್ಗಿಸುವ ಟೆಲಿಫೋಟೊ ಮಸೂರಗಳು ಕುದುರೆ, ಕೆಸರು, ಮನುಷ್ಯರನ್ನು ಒಂದೇ ಪದರಕ್ಕೆ ಒತ್ತಿಬಿಟ್ಟವು.

ಅನಂತರದ ಮಹತ್ತರ ಪರಿವರ್ತನೆಯು 1998ರ ‘ಸೇವಿಂಗ್ ಪ್ರೈವೇಟ್ ರಯಾನ್’ ಚಿತ್ರದ್ದು. 1944ರ ಜೂನ್ 6ರಂದು ಓಮಾಹಾ ತೀರದಲ್ಲಿ ನಡೆದ ಆಕ್ರಮಣವನ್ನು ಐರ್ಲೆಂಡಿನ ವೆಕ್ಸ್‌ಫರ್ಡ್ ಪ್ರಾಂತದ ಕಡಲದಂಡೆಯಲ್ಲಿ ಪುನಃ ಸೃಷ್ಟಿಸಿದಾಗ ಛಾಯಾಗ್ರಾಹಕ ಯಾನುಷ್ ಕಮಿನ್ಸ್ಕಿ, ಕ್ಯಾಮೆರಾದ ಷಟರಿನ ವಾಡಿಕೆಯ 180 ಡಿಗ್ರಿಯ ತೆರಪನ್ನು 90ಕ್ಕೂ 45ಕ್ಕೂ ಇಳಿಸಿದನು. ಸೆಕೆಂಡಿಗೆ 24 ಚೌಕಟ್ಟುಗಳ ವೇಗದಲ್ಲಿ ಪ್ರತಿ ಚೌಕಟ್ಟಿಗೂ ಬೆಳಕು ಬೀಳುವ ಅವಧಿಯು ಇದರಿಂದ 1/48 ಸೆಕೆಂಡಿನಿಂದ 1/192ರವರೆಗೆ ಕುಗ್ಗಿ, ಚಲನೆಯ ಮಸುಕು ಮಾಯವಾಗಿ, ಸ್ಫೋಟದಲ್ಲಿ ಸಿಡಿದ ಮಣ್ಣಿನ ಕಣಕಣವೂ ಪ್ರತ್ಯೇಕವಾಗಿ ಗೋಚರಿಸಿತು. ಮಸೂರಗಳ ರಕ್ಷಾಲೇಪವನ್ನು ಕಳಚಿದುದರಿಂದ ಬೆಳಕು ಹಳೆಯ ಮಸೂರಗಳಲ್ಲಿ ಚದರುವಂತೆ ಚದರಿತು; ನೆಲಕ್ಕಂಟಿ ಕುಲುಕುವ ಕ್ಯಾಮೆರಾ, ಎತ್ತ ನೋಡಬೇಕೆಂದರಿಯದ ಸೈನಿಕನ ದಿಗ್ಭ್ರಮೆಯನ್ನೇ ಪ್ರೇಕ್ಷಕನಿಗೆ ವರ್ಗಾಯಿಸಿತು. ಈ ಛಾಯಾಗ್ರಹಣಕ್ಕೆ ಆಸ್ಕರ್ ದೊರೆಯಿತು. ಮುಂದಿನ ಹಲವು ಚಿತ್ರಗಳು ಕುಲುಕಾಟವನ್ನಷ್ಟೇ ಅನುಕರಿಸಿ ಅದರ ಕಾರಣವನ್ನು ಮರೆತುದು ಖೇದಕರ.

2019ರ ‘1917’ ಚಿತ್ರದಲ್ಲಿ ರೋಜರ್ ಡೀಕಿನ್ಸ್ ದೀರ್ಘ ಚಿತ್ರಿಕೆಗಳನ್ನು ಸಂಧಿ ಕಾಣದಂತೆ ಜೋಡಿಸಿ, ಕಂದಕಗಳ ನಡುವಣ ಪಯಣವನ್ನು ಅವಿಚ್ಛಿನ್ನವಾಗಿ ತೋರಿಸಿ ಅದೇ ಪ್ರಶಸ್ತಿಯನ್ನು ಪಡೆದನು. ತಂತ್ರವು ಇಷ್ಟು ಮುಂದುವರಿದಿದ್ದರೂ, ಕ್ಯಾಮೆರಾದ ಒಂದೇ ಚಲನೆಯಿಂದ ಯುದ್ಧದ ಅರ್ಥವನ್ನು ಹೇಳಿದುದರಲ್ಲಿ ಎಡಿಸನ್ನನನ್ನು ಮೀರಿಸಿದವರಿಲ್ಲ.